ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ

ಬುರುಜನಹಟ್ಟಿಯ ಕೊನೆಯ ಗಿರಾಕಿ ಹೋದ ಮೇಲೆ
ಬೆಲ್ಟು ಇಳಿಸಿ, ಕೈ ತೊಳೆದರೂ
ಉಗುರಸಂದಿಯಲ್ಲಿ ಜೋಳದ ಹಿಟ್ಟು.
ಮೊಬೈಲು ನನ್ನ ಬೆರಳನ್ನು ಗುರುತಿಸುವುದಿಲ್ಲ,
ನಾಲ್ಕು ಸಲ ಒತ್ತಿಸಿಕೊಂಡು ಗುಟ್ಟಿನ ಅಂಕಿ ಕೇಳುತ್ತದೆ:
ನೀನು ಪಡೆಗೆ ಸೇರಿದ ದಿನ.

"ಮೂರು ನಿಮಿಷದ್ದು ಮಾಡಿ ಕಳ್ಸು,
ದೊಡ್ಡದಾದ್ರೆ ಇಲ್ಲಿ ಇಳಿಯಲ್ಲ" ಅಂದಿದ್ದೆ, ನಾಗವೇಣಿ.
ಬಂಗಾಳದ ಬೇಲಿ, ಹೊಳೆಯ ಮಂಜು,
ನೀರಿನ ಟ್ಯಾಂಕಿಗೆ ಒರಗಿ ನಿಂತರೆ ಮಾತ್ರ
ಒಂದು ಕಡ್ಡಿ ಸಿಗ್ನಲ್ಲು.

ಒಂಬೈನೂರ ನಲವತ್ತು ಫೋಟೋ.
ನೀನಿರುವುದು ಮೂವತ್ತೊಂದರಲ್ಲಿ.
ಮನೆಯಲ್ಲಿದ್ದಾಗ ತೆಗೆಯುವವಳು ನೀನೇ ಅಲ್ಲವೇ.
ಚಂದ್ರವಳ್ಳಿಯದರಲ್ಲಿ ನೀನೆಂದರೆ
ಸಿಂಚನಳ ಕಾಲಬುಡಕ್ಕೆ ಬಂದು ಬಿದ್ದ
ಸಂಜೆಯ ಉದ್ದ ನೆರಳು, ಮೊಣಕೈ ಎತ್ತಿದ್ದು.
ಅದನ್ನೇ ಮೊದಲಿಗಿಟ್ಟೆ.

ಆಮೇಲೆ ಹಲ್ಲು ಬಿದ್ದ ಬಾಯಿ.
ಗಿರಣಿಯ ಹೊಸ ಕಲ್ಲು, ಅದರ ಹಣೆಗೆ ಕುಂಕುಮ.
ನಿನ್ನ ಹಳೇ ಟ್ರ್ಯಾಕ್ ಸೂಟಿನ ಕೋಟು ತೊಟ್ಟು
ಶೇಂಗಾ ಸುಲಿಯುತ್ತಿರುವ ಅವ್ವ.
ಬೇಡ, ನಗ್ತಾರೆ ಅಂದಳು; ತೆಗೆದೆ.
ಅವಳು ಮಲಗಿದ ಮೇಲೆ ಮತ್ತೆ ಸೇರಿಸಿದೆ.

ಮೊಬೈಲ್ ರಿಪೇರಿಯ ಮುಬಾರಕ್ ಹೇಳಿಕೊಟ್ಟ:
"ಒಂದಕ್ಕೆ ಐದೇ ಸೆಕೆಂಡು ಅಣ್ಣಾ, ಜಾಸ್ತಿ ಬೇಡ."
ಐದು ಸೆಕೆಂಡಿನಲ್ಲಿ ನೀನು ಎಷ್ಟು ನೋಡುತ್ತೀಯೆಂದು
ಅವನಿಗೇನು ಗೊತ್ತು.

ಪುಕ್ಕಟೆ ಸಂಗೀತ ಹದಿನೆಂಟು ಬಗೆ ಇತ್ತು,
ಎಲ್ಲವೂ ಛತ್ರದ ಬಾಗಿಲಲ್ಲಿ
ಪನ್ನೀರು ಚಿಮುಕಿಸುವ ಯಂತ್ರದ ಹಾಗೆ.
ಸಿನಿಮಾ ಹಾಡು ಹಾಕಿದೆ:
ಹಾಡುವವನು ಅಳುತ್ತಿದ್ದ, ಫೋಟೋದಲ್ಲಿ ಅವ್ವ ನಗುತ್ತಿದ್ದಳು.
ಕೊನೆಗೆ ಹಿಟ್ಟಿನ ಡಬ್ಬದ ಮೇಲೆ ಮೊಬೈಲಿಟ್ಟು
ಗಿರಣಿಯನ್ನೇ ಹಿಡಿದುಕೊಂಡೆ.
ಬೆಲ್ಟಿನ ಹೊಲಿಗೆ ರಾಟೆಗೆ ತಾಗುವ ಟಪ್, ಟಪ್,
ರಾಗಿಗೆ ಒಂದು ದನಿ, ಗೋಧಿಗೆ ಇನ್ನೊಂದು,
ಕಾಳು ತೀರಿದಾಗ ಬರಿಗಲ್ಲಿನ ಕೂಗು,
ನಡುವೆ ಯಾರೋ "ನುಣ್ಣಗೆ ಬೀಸಪ್ಪಾ, ಮುದ್ದೆಗೆ" ಅಂದದ್ದು.
ಮದುವೆಯ ಹೊಸತರಲ್ಲಿ ನಿನ್ನ ನಿದ್ದೆ ಕೆಡಿಸಿದ ಸದ್ದು,
ಈಗ ರಜೆಗೆ ಬಂದರೆ
ಅದಿಲ್ಲದ ಭಾನುವಾರ ನಿನಗೆ ಕಣ್ಣು ಹತ್ತದು.
ಎರಡು ನಿಮಿಷ ಐವತ್ತಾರನೇ ಸೆಕೆಂಡಿಗೆ ಕರೆಂಟು ಹೋಯಿತು.
ಆ ಮೌನವನ್ನು ಕತ್ತರಿಸಲಿಲ್ಲ.

ಕತ್ತರಿಸಿದ್ದು ಬೇರೆ.
ಜನವರಿಯ ಹನ್ನೊಂದು ಫೋಟೋ:
ಜಿಲ್ಲಾಸ್ಪತ್ರೆಯ ಹಸಿರು ಹೊದಿಕೆ,
ಪುಟ್ಟ ಮುಂಗೈಗೆ ಅಂಟಿಸಿದ ಸೂಜಿ,
ದಿಂಬಿನ ಮೇಲೆ ಉದುರಿದ ಕೂದಲು.
ನಿನಗೆ ತೋರಿಸಲೆಂದೇ ತೆಗೆದಿದ್ದೆ, ತೋರಿಸಲಿಲ್ಲ.
ಆ ವಾರ ಫೋನಿನಲ್ಲಿ "ಮಲಗಿದಾಳೆ" ಅಂದದ್ದು
ಸುಳ್ಳಲ್ಲ. ಮಲಗೇ ಇದ್ದಳು.

ಹದಿಮೂರು: ಲಿಂಬೆಹಣ್ಣು ಚಮಚದ ಓಟ.
ಹದಿನಾಲ್ಕು: ಹಿತ್ತಲಲ್ಲಿ ಬಕೆಟ್ಟು, ನೀರಾಟ.
ಒಂದರೊಳಗೆ ಇನ್ನೊಂದು ಕರಗುವ ಹಾಗೆ ಮಾಡಿದೆ.
ಗೊತ್ತೇ ಆಗುವುದಿಲ್ಲ ಅಂದುಕೊಂಡೆ.

ಎರಡು ದಿನ ಬೂದಿಬಣ್ಣದ ಒಂದೇ ಗೀಟು.
ಮೂರನೆಯ ಬೆಳಗ್ಗೆ ಗಿರಣಿಯ ಬಾಗಿಲು ತೆಗೆಯುವಾಗ
(ಕೋಟೆಯ ಬತೇರಿಯ ಮೇಲೆ ಕಾಯುವವರಿಲ್ಲ,
ಬಿಸಿಲೊಂದೇ ಬಂದು ಕೂತಿತ್ತು)
ನಿನ್ನ ಸಂದೇಶ:

"ಎಲ್ಲ ಮಲಗಿದ ಮೇಲೆ ಕಂಬಳಿಯೊಳಗೆ ನಾಲ್ಕು ಸಲ ನೋಡಿದೆ.
ಕರೆಂಟು ಹೋದಲ್ಲಿ ನಕ್ಕುಬಿಟ್ಟೆ,
ಪಕ್ಕದ ಮಂಚದ ಪಂಜಾಬಿ ಹುಡುಗಿ ಎದ್ದು ಬೈದಳು.
ಅವ್ವಂಗೆ ಕೋಟು ಚೆನ್ನಾಗೈತೆ, ಇಟ್ಕೊಳ್ಳಲಿ.
ಹದಿನಾಲ್ಕರಲ್ಲಿ ಹಿಂದುಗಡೆ ನಲ್ಲಿ ಕೆಳಗೆ ಪಾಚಿ,
ಸೋರ್ತಿರಬೇಕು.
ಹದಿಮೂರರಲ್ಲಿ ಸಿಂಚನಂಗೆ ಎರಡು ಜಡೆ,
ಹದಿನಾಲ್ಕರಲ್ಲಿ ಕಿವಿ ಕಾಣೋ ಹಂಗೆ ಕೂದಲು.
ನಡುವೆ ಏನಾಯ್ತು?"

ಬೇಲಿಯಾಚೆ ಹುಲ್ಲು ಅಲುಗಿದ್ದು
ಗಾಳಿಗೋ, ಮನುಷ್ಯರಿಗೋ ಎಂದು
ಎಂಟು ವರ್ಷ ನೋಡಿದ ಕಣ್ಣು.

ಬರೆದೆ. ಅಳಿಸಿದೆ. ಪರದೆಯ ಮೇಲೆ ಹಿಟ್ಟಿನ ಬೆರಳಚ್ಚು.
ಹಾರ್ಡ್‌ವೇರ್ ಅಂಗಡಿ ಹತ್ತಕ್ಕೆ ತೆಗೆಯುತ್ತದೆ,
ಮೊದಲು ಒಂದು ವಾಷರ್ ತರುತ್ತೇನೆ.
ಆಮೇಲೆ ಆ ಹನ್ನೊಂದನ್ನೂ ಕಳಿಸುತ್ತೇನೆ,
ಒಂದೊಂದಾಗಿ,
ಸದ್ದಿಲ್ಲದೆ.